ಮೊದಲು ಟಕ್, ಆಮೇಲೆ ಕೂಗು

ಫೆಬ್ರವರಿ 3, ಸೋಮವಾರ

ಮದುವೆಯಾಗಿ ಇವತ್ತಿಗೆ ಇಪ್ಪತ್ತಮೂರು ದಿನ. ಎಣಿಸಬಾರದು ಅಂದುಕೊಳ್ಳುತ್ತೇನೆ, ಎಣಿಸಿಬಿಡುತ್ತೇನೆ.

ರಜೆ ಮುಗಿಸಿ ಕೆಲಸಕ್ಕೆ ಹೋದೆ. ಇವರದೂ ಅದೇ ಕಂಪನಿ. ಇವರು ನೆಲಮಹಡಿ, ನಾನು ಮೂರನೆಯದು. ಲಿಫ್ಟಿನ ಬಾಗಿಲು ಪೂರ್ತಿ ಮುಚ್ಚುವ ತನಕ ಇವರು ಅಲ್ಲೇ ನಿಂತು ನೋಡುತ್ತಿದ್ದರು! ಮೂರು ಮಹಡಿ ಏರುವಷ್ಟರಲ್ಲಿ ನನಗೆ ಆಗಲೇ ಇವರ ನೆನಪು. ಯಾರಾದರೂ ಇದನ್ನು ಓದಿದರೆ ನಾನು ತಲೆ ಎತ್ತುವ ಹಾಗಿಲ್ಲ. ಆದರೂ ಕನ್ನಡದಲ್ಲೇ ಬರೆಯುತ್ತಿದ್ದೇನೆ. ಎಲ್‌ಕೆಜಿಯಿಂದ ಇಂಗ್ಲಿಷಿನಲ್ಲಿ ಓದಿ, ದಿನವಿಡೀ ಇಂಗ್ಲಿಷಿನಲ್ಲಿ ಪ್ರೋಗ್ರಾಂ ಬರೆದು, ಸಂತೋಷವನ್ನೂ ಅದರಲ್ಲೇ ಬರೆದರೆ ಆಫೀಸಿನ ವರದಿಯ ಹಾಗೆ ಕಾಣುತ್ತದೆ.

ನಾವು ತಯಾರಿಸುವುದು ಡಯಾಲಿಸಿಸ್ ಯಂತ್ರ. ಮೂತ್ರಪಿಂಡ ಕೈಕೊಟ್ಟವರ ರಕ್ತವನ್ನು ತೋಳಿನಿಂದ ಎಳೆದು, ಶುದ್ಧಮಾಡಿ, ಮತ್ತೆ ತೋಳಿಗೇ ಕಳಿಸುತ್ತದೆ. ಇವರು ಆಸ್ಪತ್ರೆಗಳಿಗೆ ಹೋಗಿ ಅದನ್ನು ಕೂರಿಸಿ ಬರುತ್ತಾರೆ. ಯಂತ್ರದೊಳಗೆ ಎರಡು ಪ್ರೊಸೆಸರ್‌ಗಳಿವೆ. ಒಂದರ ಕಾಲನ್ನು ಇನ್ನೊಂದು ತುಳಿಯದಂತೆ, ಪ್ರತಿ ಕೆಲಸವೂ ಹೇಳಿದ ಹೊತ್ತಿಗೆ ಮುಗಿಯುವಂತೆ ನೋಡಿಕೊಳ್ಳುವುದು ಕರ್ನಲ್ ಅನ್ನುವ ಮೂಲ ಪ್ರೋಗ್ರಾಂ. ಆ ಕರ್ನಲ್ ನನ್ನ ಪಾಲು. ಹೇಳಿಕೊಳ್ಳಲು ಈಗಲೂ ಹೆಮ್ಮೆ.

ನಮ್ಮ ಮೇಲಧಿಕಾರಿಗೆ ನಾವಿಟ್ಟ ಹೆಸರು ಗಡುವು ಸರ್. ಎಲ್ಲಿಂದ ಮಾತು ಎತ್ತಿದರೂ ಗಡುವಿಗೇ ತಂದು ನಿಲ್ಲಿಸುತ್ತಾರೆ. ಬೆಳಗಿನ ಮೀಟಿಂಗಿನಲ್ಲಿ ಎಲ್ಲರೂ ನನಗೆ ಚಪ್ಪಾಳೆ ತಟ್ಟಿದ ಮೇಲೆ ಅವರು ಹೇಳಿದರು, "ಇನ್ನೊಂದು ತಿಂಗಳು ಇವಳು ಬರೆದಿದ್ದನ್ನ ಎರಡೆರಡು ಸಲ ನೋಡ್ಕೊಳ್ಳಿ. ಕೈ ಇಲ್ಲಿರುತ್ತೆ, ತಲೆ ಮದುವೆ ಮನೇಲಿರುತ್ತೆ."

ಎಲ್ಲರೂ ನಕ್ಕರು. ನಾನೂ ನಕ್ಕೆ. ನಕ್ಕಿದ್ದಕ್ಕೆ ಈಗ ಮೈ ಉರಿಯುತ್ತಿದೆ. ಕೆಳಗಿನ ಮಹಡಿಯಲ್ಲಿ ಇವರಿಗೆ ಏನಂದರು ಗೊತ್ತೆ? ಮದುವೆ ಆಯಿತು, ಇನ್ನು ಜವಾಬ್ದಾರಿ ಬರುತ್ತದೆ ಅಂತ ಹೇಳಿ ಹನ್ನೆರಡು ಯಂತ್ರಗಳ ಒಂದಿಡೀ ವಾರ್ಡನ್ನು ಇವರ ಕೈಗೆ ಕೊಟ್ಟರಂತೆ. ಆದದ್ದು ಒಂದೇ ಮದುವೆ. ಅದರಿಂದ ಇವರಿಗೆ ಜವಾಬ್ದಾರಿ ಬಂತು, ನನ್ನ ತಲೆ ಹೋಯಿತು.

ಇವರು ಪಾಪ, ನನ್ನ ಸಿಟ್ಟು ಇಳಿಸಲು ಬಸ್ಸಿಳಿದು ಮನೆಗೆ ಬರುವ ದಾರಿಯುದ್ದಕ್ಕೂ ಗಡುವು ಸರ್ ನಡೆಯುವ ಹಾಗೆ ನಡೆದು ತೋರಿಸಿದರು. ಕೈಗಡಿಯಾರ ನೋಡುತ್ತಲೇ ದೀಪದ ಕಂಬಕ್ಕೆ ಡಿಕ್ಕಿ ಹೊಡೆದರು. ಇಂಥವರು ಇನ್ನೊಬ್ಬರು ಇದ್ದಾರೆಯೇ!

ಫೆಬ್ರವರಿ 5, ಬುಧವಾರ

ಪರೀಕ್ಷೆಯ ಕೋಣೆಯಲ್ಲಿ ಒಬ್ಬರು ಸಿಸ್ಟರ್ ಇದ್ದಾರೆ. ಹತ್ತೊಂಬತ್ತು ವರ್ಷ ಡಯಾಲಿಸಿಸ್ ವಾರ್ಡಿನಲ್ಲಿ ನರ್ಸ್ ಆಗಿದ್ದು, ಮಂಡಿ ನೋವು ಬಂದ ಮೇಲೆ ಆ ಓಡಾಟ ಬಿಟ್ಟು ಇಲ್ಲಿ ಕೂತವರು. ಯಂತ್ರದಲ್ಲಿ ರಕ್ತದ ಬದಲು ಕೆಂಪು ಬಣ್ಣದ ನೀರು ಹರಿಸುತ್ತಾರೆ. ಸಿರಿಂಜಿನಿಂದ ಟ್ಯೂಬಿಗೆ ಒಂದು ಗಾಳಿಗುಳ್ಳೆ ಬಿಡುತ್ತಾರೆ. ಯಂತ್ರ ಅದನ್ನು ಕಂಡ ಕೂಡಲೇ ಕ್ಲ್ಯಾಂಪಿನಿಂದ ಟ್ಯೂಬನ್ನು ಕಚ್ಚಿ ಹಿಡಿಯಬೇಕು. ಗಾಳಿ ರಕ್ತದ ಜೊತೆ ಮೈಯೊಳಗೆ ಹೋದರೆ ಜೀವಕ್ಕೇ ಅಪಾಯ. ಕ್ಲ್ಯಾಂಪ್ ಬೀಳುವಾಗ 'ಟಕ್' ಅನ್ನುತ್ತದೆ. ಅದರ ಬೆನ್ನಿಗೇ ಅಲಾರಂ ಕೂಗುತ್ತದೆ.

ಇವತ್ತು ಸಿಸ್ಟರ್ ನನ್ನನ್ನು ಕೆಳಗೆ ಕರೆಸಿದರು.

"ಪುಟ್ಟ, ಇದು ಸರಿ ಇಲ್ಲ. ಯಾವಾಗ್ಲೂ ಮೊದ್ಲು ಟಕ್, ಆಮೇಲೆ ಕೂಗು. ಇವತ್ತು ಒಂದ್ಸಲ ಕೂಗು ಮೊದ್ಲು ಬಂತು."

"ಎಷ್ಟು ಸಲಕ್ಕೆ ಒಂದ್ಸಲ?"

ಅವರು ನೋಟ್ ಬುಕ್ ತೋರಿಸಿದರು. ಗುಳ್ಳೆಗೊಂದು ಗೀಟು. ಇನ್ನೂರ ತೊಂಬತ್ತೊಂದನೆಯ ಗೀಟಿನ ಸುತ್ತ ಒಂದು ಸೊನ್ನೆ.

ಗಡುವು ಸರ್‌ಗೆ ಹೇಳಿದೆ. ದಾಖಲೆಯಲ್ಲಿ ಏನಿದೆ ಅಂದರು. ದಾಖಲೆಯಲ್ಲಿ ಕ್ಲ್ಯಾಂಪ್ ಬಿತ್ತು ಅಂತ ಇದೆ, ಎಷ್ಟು ತಡವಾಗಿ ಅಂತ ಇಲ್ಲ, ಅದನ್ನು ನಾವು ಬರೆದುಕೊಳ್ಳುವುದೇ ಇಲ್ಲ ಅಂದೆ. "ಹಾಗಾದ್ರೆ ಬಿದ್ದಿದೆಯಲ್ಲಮ್ಮ. ಸಿಸ್ಟರ್‌ಗೂ ವಯಸ್ಸಾಯ್ತು, ನಿಂಗೂ ಮದುವೆ ಆಯ್ತು" ಅಂದರು. ವಯಸ್ಸು, ಮದುವೆ, ಎರಡೂ ಕಿವುಡಿನ ಲಕ್ಷಣ ಅನ್ನುವ ಹಾಗೆ! ನಾನು ಬಾಗಿಲನ್ನು ಸ್ವಲ್ಪ ಜೋರಾಗಿಯೇ ಎಳೆದುಕೊಂಡೆ.

ಫೆಬ್ರವರಿ 7, ಶುಕ್ರವಾರ

ಸಿಸ್ಟರ್ ಕಿವಿ ನೂರಕ್ಕೆ ನೂರು ಸರಿ. ಕ್ಲ್ಯಾಂಪಿಗೊಂದು ತಂತಿ, ಅಲಾರಂಗೊಂದು ತಂತಿ ಹಾಕಿ ಅಳೆದೆ. ಬೆಳಗಿನಿಂದ ಇಬ್ಬರೂ ಗುಳ್ಳೆ ಬಿಟ್ಟಿದ್ದೇ ಬಿಟ್ಟಿದ್ದು. ಮುನ್ನೂರ ಹನ್ನೆರಡನೆಯ ಗುಳ್ಳೆಗೆ ಕ್ಲ್ಯಾಂಪ್ ಮುಕ್ಕಾಲು ಸೆಕೆಂಡ್ ತಡವಾಗಿ ಬಿತ್ತು. ಸೆಕೆಂಡಿನ ಹತ್ತನೇ ಒಂದು ಭಾಗದೊಳಗೆ ಬೀಳಬೇಕು ಅನ್ನುವುದು ನಿಯಮ.

ಕಾಗದ ತೆಗೆದುಕೊಂಡು ಹೋಗಿ ಗಡುವು ಸರ್ ಮೇಜಿನ ಮೇಲಿಟ್ಟೆ. ಅವರು ಅದನ್ನು ನೋಡಿ, ನನ್ನನ್ನು ನೋಡಿ, "ಮೂರು ತಿಂಗಳಿಂದ ಇಲ್ಲದ್ದು ನೀನು ವಾಪಸ್ ಬಂದ ವಾರವೇ ಬಂತು ನೋಡು" ಅಂದರು. ನಾನು ಬಂದ ಮೇಲೆ ಒಂದು ಸಾಲನ್ನೂ ಮುಟ್ಟಿಲ್ಲ! ಕಂಡುಹಿಡಿದವಳನ್ನೇ ಹಿಡಿಯುವ ನ್ಯಾಯ ಇದು.

ಮಧ್ಯಾಹ್ನ ಹುಡುಕಲು ಕೂತೆ. ಎರಡೂ ಪ್ರೊಸೆಸರ್‌ಗಳು ಒಂದು ಪಟ್ಟಿಯನ್ನು ಹಂಚಿಕೊಂಡು ಕೆಲಸ ಮಾಡುತ್ತವೆ. ಒಂದು ಬರೆಯುವಾಗ ಇನ್ನೊಂದು ಕೈಹಾಕಬಾರದು ಅಂತ ಆ ಪಟ್ಟಿಗೊಂದು ಬೀಗ ಇದೆ. ಮೊದಲು ಬಂದವರು ಬೀಗ ಹಾಕಿಕೊಳ್ಳುತ್ತಾರೆ, ಉಳಿದವರು ಕಾಯುತ್ತಾರೆ. ಯಾರು ಯಾವಾಗ ಬೀಗದ ಹತ್ತಿರ ಬರುತ್ತಾರೆ ಅಂತ ನೋಡಲು, ಪರದೆಯ ಮೇಲೆ ಅಂಕಿ ಬರೆಯುವ ಕೆಲಸದಲ್ಲಿ ಒಂದು ಪ್ರಿಂಟ್ ಸಾಲು ಸೇರಿಸಿದೆ. 'ಪರದೆ ಬಂತು' ಅಂತ ಅಷ್ಟೇ. ಹಳೆಯ ಕೇಬಲ್ ಮೂಲಕ ಅದು ನನ್ನ ಕಂಪ್ಯೂಟರಿಗೆ ಬಂದು ಬೀಳುತ್ತದೆ.

ಆಮೇಲೆ ನಾನೂರು ಗುಳ್ಳೆ ಬಿಟ್ಟೆವು. ಒಮ್ಮೆಯೂ ತಡವಾಗಲಿಲ್ಲ. ತಿರುಗಿ ನೋಡಿದರೆ ಇಲ್ಲ, ಮುಖ ತಿರುಗಿಸಿದರೆ ಇದೆ. ಪೋಲಿ ದೋಷ!

ಇವರು ನನಗಾಗಿ ಒಂದು ಗಂಟೆ ಗೇಟಿನ ಹತ್ತಿರ ಕಾದಿದ್ದರು. ಕಾದೆ ಅಂತಲೂ ಹೇಳಲಿಲ್ಲ.

ಫೆಬ್ರವರಿ 10, ಸೋಮವಾರ

ಸಿಕ್ಕಿತು, ಸಿಕ್ಕಿತು, ಸಿಕ್ಕಿತು! ಸಿಕ್ಕಿದ್ದು ಬಚ್ಚಲಮನೆಯ ಬಾಗಿಲಲ್ಲಿ.

ಅತ್ತೆ ಶಾಲೆಯೊಂದರ ಮುಖ್ಯೋಪಾಧ್ಯಾಯಿನಿ. ಏಳೂ ಹತ್ತಕ್ಕೆ ಮನೆ ಬಿಡಲೇಬೇಕು. ಮಾವ ನಿವೃತ್ತರು, ಅವರಿಗೆ ಯಾವ ಅವಸರವೂ ಇಲ್ಲ. ಇವರಿಗೆ ಎಂಟಕ್ಕೆ ಹೊರಟರೆ ಸಾಕು. ಬಚ್ಚಲು ಒಂದೇ. ಇವತ್ತು ಬೆಳಗ್ಗೆ ಮಾವ ಒಳಗೆ ಗಡ್ಡ ಹೆರೆದುಕೊಳ್ಳುತ್ತಿದ್ದರು, ಐದು ನಿಮಿಷದ ಕೆಲಸ. ಅತ್ತೆ ಟವೆಲ್ ಹಿಡಿದು ಹೊರಗೆ ಕಾಯುತ್ತಿದ್ದರು. ಅಷ್ಟರಲ್ಲಿ ಇವರು ಬಂದು ಬಾಗಿಲಿನಾಚೆಯಿಂದಲೇ ಮಾವನ ಹತ್ತಿರ ಸ್ಕೂಟರಿನ ಕಾಗದದ ವಿಷಯ ತೆಗೆದರು. ಮಾತಾಡುವಾಗ ಬ್ಲೇಡ್ ಆಡಿಸಿದರೆ ಕೆನ್ನೆ ಕುಯ್ಯುತ್ತದೆ ಅಂತ ಮಾವ ಕ್ಷೌರ ನಿಲ್ಲಿಸಿ ಮಾತಾಡುವವರು. ಕಾಗದ ಎಲ್ಲಿದೆ, ಯಾವ ಬೀರು, ಬೀರುವಿನ ಬೀಗದಕೈ ಎಲ್ಲಿ, ಹೀಗೇ ಹದಿನೈದು ನಿಮಿಷ. ಅತ್ತೆಗೆ ತಡವಾದದ್ದು ಮಾವನಿಂದ ಅಲ್ಲ. ಇವರ ಹರಟೆಯಿಂದ. ಆದರೆ ಅತ್ತೆ ಬಾಗಿಲು ಬಡಿದು ಬೈದದ್ದು ಮಾವನನ್ನು.

ನಾನು ಹಲ್ಲುಜ್ಜುವ ಬ್ರಷ್ ಬಾಯಲ್ಲಿಟ್ಟುಕೊಂಡು ಹಾಗೇ ನಿಂತುಬಿಟ್ಟೆ. ಇದೇ. ಅಕ್ಷರಶಃ ಇದೇ! ಪರದೆಯ ಕೆಲಸ ಅಂದರೆ ಮಾವ. ಬೀಗ ಹಾಕಿಕೊಂಡು ಒಳಗಿದೆ, ಕ್ಷಣದಲ್ಲಿ ಮುಗಿಸಿ ಹೊರಬರುತ್ತದೆ. ಅಷ್ಟರಲ್ಲಿ ನರ್ಸಿನ ಮೇಜಿಗೆ ವರದಿ ಕಳಿಸುವ ಕೆಲಸ ಎದ್ದು ಅದನ್ನು ಅರ್ಧಕ್ಕೆ ನಿಲ್ಲಿಸುತ್ತದೆ. ಅದು ಪರದೆಗಿಂತ ಮುಖ್ಯ, ಕ್ಲ್ಯಾಂಪಿಗಿಂತ ಅಲ್ಲ. ಅದು ಇವರು. ಇನ್ನೊಂದು ಪ್ರೊಸೆಸರಿನಲ್ಲಿ ಎಲ್ಲಕ್ಕಿಂತ ಮುಖ್ಯವಾದ ಕ್ಲ್ಯಾಂಪ್ ಕೆಲಸ ಟವೆಲ್ ಹಿಡಿದು ಕಾಯುತ್ತದೆ. ಅಲಾರಂಗೆ ಆ ಪಟ್ಟಿ ಬೇಕಿಲ್ಲ, ಹಾಗಾಗಿ ಅದು ಹೊತ್ತಿಗೆ ಸರಿಯಾಗಿ ಕೂಗುತ್ತದೆ.

ಅತ್ತೆ ಹೊರಡುವಾಗ ಇವರಿಗೆ ಹೇಳಿದ ಮಾತನ್ನು ಹಾಗೇ ಬರೆದಿಟ್ಟುಕೊಳ್ಳಬೇಕು. "ನಾನು ಹೊರಗೆ ಕಾಯ್ತಿರೋ ತನಕ ಒಳಗಿರೋದು ನಿಮ್ಮಪ್ಪ ಅಲ್ಲ, ನಾನೇ ಅಂತ ತಿಳ್ಕೋ. ನನ್ನನ್ನ ನಿಲ್ಲಿಸಿ ಹರಟೆ ಹೊಡೆಯೋ ಧೈರ್ಯ ಇದ್ರೆ ಹೊಡಿ."

ಅಂಥದ್ದೇ ಒಂದು ಬೀಗ ಇದೆ! ಕಾಯುತ್ತಿರುವವರ ಅವಸರ ಒಳಗಿರುವವರಿಗೆ ಬರುತ್ತದೆ, ಆಗ ನಡುವಿನವರು ಅವರನ್ನು ನಿಲ್ಲಿಸುವ ಹಾಗಿಲ್ಲ. ನಮ್ಮ ಯಂತ್ರದಲ್ಲಿ ಆ ಬೀಗ ಹಾಕಿಲ್ಲ. ಸಾದಾ ಬೀಗ ಹಾಕಿದ್ದಾರೆ. ಮನುಷ್ಯರ ರಕ್ತ ಹರಿಯುವ ಯಂತ್ರಕ್ಕೆ ಸಾದಾ ಬೀಗ! ಯಾವ ಪುಣ್ಯಾತ್ಮನಪ್ಪಾ ಇದನ್ನು ಬರೆದವನು? ಅವನನ್ನು ಹಿಡಿದು ಸಿಸ್ಟರ್ ಮುಂದೆ ಕೂರಿಸಿ ಮುನ್ನೂರು ಗುಳ್ಳೆ ಎಣಿಕೆ ಮಾಡಿಸಬೇಕು. ನಾಳೆ ಆ ಫೈಲಿನ ಇತಿಹಾಸ ತೆಗೆಯುತ್ತೇನೆ, ಯಾವ ಸಾಲು ಯಾರು ಯಾವತ್ತು ಬರೆದರು ಅಂತ ಎಲ್ಲ ಅದರಲ್ಲಿರುತ್ತದೆ. ಹೆಸರು ಹಿಡಿದು ಮೀಟಿಂಗಿನಲ್ಲಿ ಕೇಳುತ್ತೇನೆ.

ಫೆಬ್ರವರಿ 11, ಮಂಗಳವಾರ

ನನ್ನದೇ ಹೆಸರು. ಡಿಸೆಂಬರ್ 18.

ತಲೆನೋವು. ಇವರು ಕೇಳಿದರು, ಏನೂ ಇಲ್ಲ ಅಂದೆ.

ಫೆಬ್ರವರಿ 13, ಗುರುವಾರ

ಡಿಸೆಂಬರ್ ನೆನಪಾಗುತ್ತಿದೆ. ಮೊದಲು ಅಲ್ಲಿ ಅತ್ತೆ ಹೇಳಿದಂಥ ಬೀಗವೇ ಇತ್ತು. ನಾನು ಅದನ್ನು ತೆಗೆದು ಸಾದಾ ಬೀಗ ಹಾಕಿದೆ, ಸರಾಸರಿ ಲೆಕ್ಕದಲ್ಲಿ ಯಂತ್ರ ಚುರುಕಾಯಿತು, ಎಲ್ಲರೂ ಭೇಷ್ ಅಂದರು. ಎರಡು ವಾರ ಕೂತು ಅಳೆದದ್ದು. ಭೇಷ್ ಅಂದದ್ದು ನೆನಪಿತ್ತು, ಯಾವ ಬೀಗಕ್ಕೆ ಅನ್ನುವುದು ಮರೆತಿತ್ತು. ಸರಾಸರಿ ಬಹಳ ಚೆನ್ನಾಗಿತ್ತು.

ಇನ್ನು ಇವತ್ತಿನ ಕಥೆ. ಮೀಟಿಂಗಿನಲ್ಲಿ ಗಡುವು ಸರ್ ಎದ್ದು ನಿಂತು, ದೋಷ ಹೋಗಿದೆ, ಮೂರು ದಿನದಿಂದ ಒಮ್ಮೆಯೂ ತಡವಾಗಿಲ್ಲ, ಇದು ನಮ್ಮ ಮದುಮಗಳ ಕೈಗುಣ ಅಂತ ಘೋಷಿಸಿದರು. ಮತ್ತೆ ಚಪ್ಪಾಳೆ. ನನಗೆ ಅರ್ಥವಾಗಲಿಲ್ಲ. ಆಮೇಲೆ ಗೊತ್ತಾಯಿತು, ಅವರು ಹೇಳುತ್ತಿದ್ದುದು ನನ್ನ ಪ್ರಿಂಟ್ ಸಾಲಿನ ವಿಷಯ!

"ಸರ್, ಅದು ನೋಡೋಕೆ ಅಂತ ಹಾಕಿದ್ದು. ರಿಪೇರಿ ಅಲ್ಲ."

"ತಡ ಆಗೋದು ನಿಂತಿದ್ಯಾ ಇಲ್ವಾ?"

"ನಿಂತಿದೆ."

"ಮತ್ತೆ ರಿಪೇರಿ ಅಂದ್ರೆ ಇನ್ನೇನಮ್ಮ?"

ಬಿಡಿಸಿ ಹೇಳಿದೆ. ಆ ಹಳೆಯ ಕೇಬಲ್ ದಾರಿ ಬಹಳ ನಿಧಾನ, ಒಂದೊಂದೇ ಅಕ್ಷರ ಹೋಗುತ್ತದೆ. ಅದರಿಂದ ಪರದೆಯ ಕೆಲಸ ಬೀಗದ ಹತ್ತಿರ ಬರುವುದು ಚೂರು ತಡವಾಗುತ್ತದೆ, ಅಷ್ಟರಲ್ಲಿ ವರದಿಯ ಕೆಲಸ ಮುಗಿದುಹೋಗಿರುತ್ತದೆ. ಇಬ್ಬರೂ ಎದುರಾಗುವುದೇ ಇಲ್ಲ. ಆದರೆ ಕಾರ್ಖಾನೆಯಿಂದ ಯಂತ್ರ ಹೊರಡುವಾಗ ಆ ಕೇಬಲ್ ದಾರಿಯನ್ನು ಮುಚ್ಚಿ ಕಳಿಸುತ್ತಾರೆ. ಆಗ ಪ್ರಿಂಟ್ ಚಿಟಿಕೆ ಹೊಡೆಯುವಷ್ಟರಲ್ಲಿ ಮುಗಿಯುತ್ತದೆ, ದೋಷ ಮತ್ತೆ ಬಂದು ಕೂರುತ್ತದೆ. ಬೀಗವನ್ನೇ ಬದಲಿಸಬೇಕು.

ಬೀಗ ಬದಲಿಸಿದರೆ ಇಡೀ ಯಂತ್ರದ ಪರೀಕ್ಷೆ ಮೊದಲಿನಿಂದ ಆಗಬೇಕು, ಮೂರು ವಾರ. ಇವರ ವಾರ್ಡಿನಲ್ಲಿ ಹನ್ನೆರಡು ಯಂತ್ರ ಕೂರಬೇಕಾದ ಗಡುವು ಇಪ್ಪತ್ತನೇ ತಾರೀಖು. "ಅಲ್ಲಿ ಬಂದ್ರೆ ಅಲ್ಲಿ ನೋಡ್ಕೊಳ್ಳೋಣ" ಅಂದರು. ಅಲ್ಲಿ! ಅಲ್ಲಿ ಅಂದರೆ ಯಾರದೋ ತೋಳಿನಲ್ಲಿ!

ಕೈಗೆ ಒಂದು ಫಾರಂ ಕೊಟ್ಟರು. ದೋಷ ಪರಿಹಾರ ಪತ್ರ. ಪರಿಹರಿಸಿದವರು ಅನ್ನುವಲ್ಲಿ ನನ್ನ ಹೆಸರು ಆಗಲೇ ಟೈಪ್ ಆಗಿದೆ. ಬುಧವಾರ ಕ್ವಾಲಿಟಿ ಮೇಡಂ ಬಂದು ಕಾಗದ ನೋಡಿ ಮೊಹರು ಹಾಕುವಷ್ಟರಲ್ಲಿ ನನ್ನ ಸಹಿ ಇರಬೇಕು.

ಸಹಿ ಹಾಕಿದರೆ ಬೀಗದ ತಂಟೆಗೆ ಯಾರೂ ಹೋಗುವುದಿಲ್ಲ. ಇತಿಹಾಸ ಯಾರೂ ತೆಗೆಯುವುದಿಲ್ಲ. ಇದನ್ನು ನಾನು ಯೋಚಿಸಲಿಲ್ಲ, ಸುಮ್ಮನೆ ಬರೆದೆ.

ಫೆಬ್ರವರಿ 16, ಭಾನುವಾರ

ಮೊದಲ ಜಗಳ. ಬರೆಯಬಾರದು ಅಂದುಕೊಂಡಿದ್ದೆ.

ಬಟ್ಟೆ ಮಡಚುತ್ತಾ ಇದ್ದೆವು. ನಾನು ಸಹಿ ಹಾಕುತ್ತಿಲ್ಲ ಅಂತ ಕೆಳಗಿನ ಮಹಡಿಗೂ ಸುದ್ದಿ ಹೋಗಿದೆಯಂತೆ. ಒಂದು ಸಹಿ ತಾನೆ, ಹಾಕಿಬಿಡು, ಆಮೇಲೆ ಹೊಸ ಬೀಗ ಕಳಿಸಿದರೆ ನಾನೇ ಹೋಗಿ ಹಾಕಿ ಬರುತ್ತೇನೆ ಅಂದರು. ಆಮೇಲೆ ಅನ್ನುವುದು ಬರುವುದಿಲ್ಲ ಅಂದೆ. ಆಗ ಇವರ ದನಿ ಏರಿತು.

"ಆ ವಾರ್ಡಿಗೆ ಕಾಯ್ತಿರೋ ರೋಗಿಗಳು ಡಯಾಲಿಸಿಸ್‌ಗೆ ಅಂತ ವಾರಕ್ಕೆ ಮೂರು ಸಲ ಬೇರೆ ಊರಿಗೆ ಎರಡೂವರೆ ಗಂಟೆ ಬಸ್ಸಲ್ಲಿ ಹೋಗ್ತಾರೆ, ಗೊತ್ತಾ? ಹೋಗುವಾಗ ಕೂತ್ಕೊಂಡು, ಬರುವಾಗ ಮಲಕ್ಕೊಂಡು. ಇಪ್ಪತ್ತಕ್ಕೆ ಬರ್ತೀವಿ ಅಂತ ಅವರ ಮುಖ ನೋಡಿ ಹೇಳಿ ಬಂದಿದೀನಿ ನಾನು. ನಿಂಗೆ ನಿನ್ನ ಹೆಸರಿನ ಚಿಂತೆ."

ನನ್ನ ಹೆಸರು! ನನಗೆ ತಡೆಯಲಾಗಲಿಲ್ಲ.

"ನನ್ನ ಹೆಸರು ಉಳೀಬೇಕು ಅಂದ್ರೆ ಸಹಿ ಹಾಕಿದ್ರೆ ಸಾಕು ಕಣೋ. ಆ ಬೀಗ ಹಾಕಿದ್ದು ನಾನೇ. ಯಾರಿಗೂ ಗೊತ್ತಿಲ್ಲ, ಈಗ ನಿಂಗೆ ಮಾತ್ರ ಗೊತ್ತು. ನೀನು ಕೂರಿಸೋ ಯಂತ್ರಕ್ಕೆ ನಿಮ್ಮಪ್ಪನ ತೋಳು ಕೊಡ್ತೀಯಾ ಹೇಳು, ಈಗಲೇ ಸಹಿ ಹಾಕ್ತೀನಿ."

ಅವನು ಮಡಚಿದ ಅಂಗಿಯನ್ನೇ ಮತ್ತೆ ಬಿಚ್ಚಿ ಮಡಚಿದ. ಪಕ್ಕದ ಕೋಣೆಯಲ್ಲಿ ಮಾವ ರೇಡಿಯೋ ಜೋರು ಮಾಡಿದರು, ಕೇಳಿಸಿಲ್ಲ ಅಂತ ತೋರಿಸಲು.

ಅಪ್ಪನನ್ನು ಎಳೆದು ತರಬಾರದಿತ್ತು. ಆದರೂ ಪ್ರಶ್ನೆ ಪ್ರಶ್ನೆಯೇ.

ಫೆಬ್ರವರಿ 17, ಸೋಮವಾರ

ಬೆಳಗ್ಗೆ ಬಸ್ಸಿನಲ್ಲಿ ಬೇರೆ ಬೇರೆ ಸೀಟು.

ಪರೀಕ್ಷೆಯ ಕೋಣೆಗೆ ಹೋಗಿ ಒಂದು ಯಂತ್ರವನ್ನು ಆಸ್ಪತ್ರೆಗೆ ಹೇಗೆ ಹೋಗುತ್ತದೋ ಹಾಗೆ ಸಿದ್ಧ ಮಾಡಿದೆ. ಪ್ರಿಂಟ್ ಸಾಲು ಇದೆ, ಕೇಬಲ್ ದಾರಿ ಮುಚ್ಚಿದೆ. ಸಿಸ್ಟರ್ ಸಿರಿಂಜ್ ತುಂಬಿಸುವಾಗ ಬಾಗಿಲು ತೆರೆಯಿತು. ಅವನು. "ಸಿಸ್ಟರ್, ನಿಮ್ಮ ಕೈಗೆ ನೋವಾಗುತ್ತೆ, ನಾನು ಬಿಡ್ತೀನಿ ಕೊಡಿ" ಅಂದ. ನನ್ನ ಕಡೆ ನೋಡಲಿಲ್ಲ. ನಾನೂ ನೋಡಲಿಲ್ಲ. ಗೀಟು ಹಾಕುವ ಕೆಲಸ ನನಗೆ ಬಂತು.

ನೂರು ದಾಟುವ ತನಕ ಸಿಸ್ಟರ್ ಮಾತ್ರ ಮಾತಾಡಿದರು. ನಿಮ್ಮಿಬ್ಬರಲ್ಲಿ ಯಾರು ಮೊದಲು ಊಟದ ಡಬ್ಬಿ ತೆರೀತೀರೋ ಅವರು ಸೋತ ಹಾಗೆ ಅಂದರು. ಒಂದೂವರೆಗೆ ನಾನೇ ತೆರೆದೆ, ಹಸಿವು ಅಷ್ಟೇ. ಅವನು ಒಂದು ಕೈಯಲ್ಲಿ ತಿಂದು ಇನ್ನೊಂದು ಕೈಯಲ್ಲಿ ಗುಳ್ಳೆ ಬಿಟ್ಟ.

ಇನ್ನೂರ ಅರವತ್ತೆಂಟು. ಅಲಾರಂ ಕೂಗಿತು. ನಾವು ಮೂವರೂ ಕಾದೆವು. ಮುಕ್ಕಾಲು ಸೆಕೆಂಡ್ ಎಷ್ಟು ಉದ್ದ ಅಂತ ನನಗೆ ಅಷ್ಟು ದಿನ ಗೊತ್ತಿರಲಿಲ್ಲ. ಕೆಂಪು ನೀರಿನಲ್ಲಿ ಆ ಗುಳ್ಳೆ ಕ್ಲ್ಯಾಂಪನ್ನು ದಾಟಿ, ತೋಳು ಇರಬೇಕಾದ ಕಡೆಗೆ ಹೋಗುವುದು ಕಣ್ಣಿಗೇ ಕಾಣಿಸಿತು. ಆಮೇಲೆ ಟಕ್.

ಅವನ ಕೈ ಸಿರಿಂಜಿನ ಮೇಲೆ ಹಾಗೇ ನಿಂತಿತ್ತು.

ಸಿಸ್ಟರ್ ಹೇಳಿದರು, "ಇಲ್ಲಾದ್ರೆ ಎಷ್ಟು ಸಲ ಬೇಕಾದ್ರೂ ಕೇಳ್ಬೋದು. ವಾರ್ಡಲ್ಲಿ ಅದೇ ಹಾಸಿಗೆಯಿಂದ ಎರಡನೇ ಸಲ ಕೇಳೋಕೆ ಸಿಗಲ್ಲ."

ಮನೆಗೆ ಒಂದೇ ಸೀಟಿನಲ್ಲಿ ಬಂದೆವು. ಅವನು ಕೇಳಿದ್ದು ಒಂದೇ, ಬುಧವಾರ ಹೇಳ್ತೀಯಾ? ಗೊತ್ತಿಲ್ಲ ಅಂದೆ.

ಫೆಬ್ರವರಿ 18, ಮಂಗಳವಾರ

ನಿನ್ನೆಯ ಅಳತೆಯ ಕಾಗದ ತೋರಿಸಿದೆ. ಗಡುವು ಸರ್ ಎರಡು ನಿಮಿಷ ಯೋಚಿಸಿ ಹೇಳಿದ್ದು: "ಹಾಗಾದ್ರೆ ಕೇಬಲ್ ದಾರಿ ಮುಚ್ಚೋದೇ ಬೇಡ. ತೆರೆದೇ ಕಳ್ಸೋಣ."

ಮನುಷ್ಯನಿಗೆ ಇಷ್ಟು ಬುದ್ಧಿ ಬರುವುದು ತಪ್ಪು ದಾರಿ ಹುಡುಕುವಾಗ ಮಾತ್ರ. ಹನ್ನೆರಡು ಯಂತ್ರ ಒಂದೇ ಕೋಣೆಯಲ್ಲಿ ವರದಿ ಕಳಿಸಲು ಶುರು ಮಾಡಿದರೆ ವರದಿಯ ಕೆಲಸ ಏಳುವ ಹೊತ್ತೇ ಬೇರೆಯಾಗುತ್ತದೆ, ಆಗ ಈ ಚೂರು ತಡ ಯಾವ ಲೆಕ್ಕಕ್ಕೂ ಇಲ್ಲ ಅಂದೆ. "ನೀನು ತುಂಬ ಯೋಚ್ನೆ ಮಾಡ್ತೀಯ. ಹೊಸ ಮದುವೆ, ಖುಷಿಯಾಗಿರು" ಅಂದರು.

ಖುಷಿಯಾಗಿರು ಅನ್ನುವುದನ್ನೂ ಬೈಗುಳದ ಹಾಗೆ ಹೇಳಬಹುದು ಅಂತ ಇವತ್ತು ಗೊತ್ತಾಯಿತು.

ಫೆಬ್ರವರಿ 19, ಬುಧವಾರ

ಕ್ವಾಲಿಟಿ ಮೇಡಂ ತೆಳ್ಳಗಿನ ಹೆಂಗಸು, ಕನ್ನಡಕ ಹಣೆಯ ಮೇಲೆ. ಎಲ್ಲ ಕಾಗದವನ್ನೂ ಸಾಲುಸಾಲಿಗೆ ಬೆರಳಿಟ್ಟು ಓದಿದರು. ನನ್ನ ಸಹಿ ಇಲ್ಲದ ಜಾಗಕ್ಕೆ ಬಂದು ನಿಂತರು. ಯಾಕೆ ಅಂತ ಕೇಳಿದರು. ನಾನು ಸೋಮವಾರದ ಅಳತೆ ಕೊಟ್ಟು, ದೋಷ ಪ್ರಿಂಟಿನಿಂದ ಹೋಗಿಲ್ಲ, ಅಡಗಿದೆ, ಬೀಗ ತಪ್ಪು ಅಂದೆ.

ಗಡುವು ಸರ್ ನಗುತ್ತಾ ನಡುವೆ ಬಂದರು. ಆ ಬೀಗವನ್ನು ಡಿಸೆಂಬರಿನಲ್ಲಿ ಅಳೆದು ತೂಗಿ ಹಾಕಿದ್ದು, ಪರಿಶೀಲನೆ ಆಗಿದೆ ಅಂತ ಹೇಳಿ ಕೊನೆಗೆ ಇಷ್ಟು ಸೇರಿಸಿದರು. "ಮೇಡಂ, ಈ ಹುಡುಗಿಗೆ ಅದು ಹೊಸದು. ಹಾಕಿದೋರು ತಿಳ್ಕೊಂಡೇ ಹಾಕಿರ್ತಾರೆ."

ಅವರಿಗೆ ನಿಜವಾಗಿಯೂ ನೆನಪಿರಲಿಲ್ಲ. ಡಿಸೆಂಬರಿನಲ್ಲಿ ಎಲ್ಲರಿಂದ ಭೇಷ್ ಅನ್ನಿಸಿದವರೇ ಅವರು.

"ಹಾಕಿದೋ‍ಳು ನಾನೇ ಸರ್. ತಿಳ್ಕೊಂಡಿರ್ಲಿಲ್ಲ."

ಕಂಪ್ಯೂಟರ್ ತಿರುಗಿಸಿ ಆ ಸಾಲು, ಆ ತಾರೀಖು, ನನ್ನ ಹೆಸರು ತೋರಿಸಿದೆ. ಮೇಡಂ ಕನ್ನಡಕ ಇಳಿಸಿಕೊಂಡು ಓದಿದರು. ಸರಿಯಾದ ಬೀಗ ಹಾಕಿದರೆ ಕೇಬಲ್ ದಾರಿ ತೆರೆದರೂ ಮುಚ್ಚಿದರೂ ಒಂದೇ ತಾನೆ ಅಂತ ಕೇಳಿದರು. ಹೌದು ಅಂದೆ. ಮೊಹರನ್ನು ಡಬ್ಬಿಗೆ ಹಾಕಿ ಮುಚ್ಚಳ ಒತ್ತಿದರು. ಮೂರು ವಾರ ಅಂದರು.

ಗಡುವು ಸರ್ ಮುಖ ಕೆಂಪಾಗಿ, ಆಮೇಲೆ ನಿಧಾನಕ್ಕೆ ಅರಳಿತು. "ನಾನು ಹೇಳ್ಲಿಲ್ವಾ? ಡಿಸೆಂಬರ್ ಅಂದ್ರೆ ಮದುವೆ ತಯಾರಿ ಟೈಮು." ಕೋಣೆಯಲ್ಲಿದ್ದವರೆಲ್ಲ ನನ್ನ ಕಡೆ ನೋಡಿದ ರೀತಿ! ಅಯ್ಯೋ ಪಾಪ ಅನ್ನುವ ರೀತಿ. ಬೈದಿದ್ದರೆ ತಡೆದುಕೊಳ್ಳುತ್ತಿದ್ದೆ.

ಮಧ್ಯಾಹ್ನ ಅವನು ಆಸ್ಪತ್ರೆಗೆ ಫೋನ್ ಮಾಡಿದ. ನಾನು ಮೆಟ್ಟಿಲ ಮೇಲೆ ಪಕ್ಕದಲ್ಲೇ ಕೂತಿದ್ದೆ. ಆ ಕಡೆಯ ದನಿ ನನಗೂ ಕೇಳುತ್ತಿತ್ತು, ಬಹಳ ಹೊತ್ತು. ಅವನು ಯಾರ ಮೇಲೂ ಹಾಕಲಿಲ್ಲ, ಹೌದು ಸರ್, ನಾನೇ ಮಾತು ಕೊಟ್ಟಿದ್ದು ಸರ್ ಅಂತಷ್ಟೇ ಹೇಳಿದ. ಫೋನ್ ಇಟ್ಟ ಮೇಲೆ ಅವನ ಕಿವಿ ಕೆಂಪಗಿತ್ತು. ನಾಳೆ ಬಸ್ಸು ಹತ್ತುವ ಒಬ್ಬೊಬ್ಬರಿಗೂ ತಾನೇ ಹೇಳಬೇಕು, ಖುದ್ದಾಗಿ ಹೋಗುತ್ತೇನೆ ಅಂದ. ನಾನೂ ಬರುತ್ತೇನೆ ಅಂದೆ.

ಫೆಬ್ರವರಿ 21, ಶುಕ್ರವಾರ

ನಿನ್ನೆ ಹೋಗಿ ಬಂದೆವು. ಅದರ ಬಗ್ಗೆ ಬರೆಯಲು ಬರುತ್ತಿಲ್ಲ. ಒಬ್ಬ ಹೆಂಗಸು, ನಿಮ್ಮ ಯಂತ್ರ ಬರೋ ತನಕ ಕಿಟಕಿ ಸೀಟು ನನ್ನದೇ ಬಿಡಿ ಅಂದು ನಕ್ಕರು. ಬೈದವರೂ ಇದ್ದರು.

ಇವತ್ತು ಗಡುವು ಸರ್ ಹೊಸ ಫಾರಂ ಕೊಟ್ಟರು, ದೋಷದ ವಿವರ ಪತ್ರ. ತಪ್ಪು ಮಾಡಿದವರು: ನನ್ನ ಹೆಸರು. ಸರಿ. ಕಾರಣ: 'ವಿವಾಹದ ನಿಮಿತ್ತ ಉದ್ಯೋಗಿಯ ಗಮನದ ಕೊರತೆ.' ಟೈಪ್ ಮಾಡಿ, ಸುತ್ತ ಗೆರೆ ಹಾಕಿ ಕೊಟ್ಟಿದ್ದಾರೆ!

ಸಹಿ ಹಾಕು, ಮುಗಿಸೋಣ, ನಿಂಗೆ ಇದ್ರಿಂದ ಏನೂ ಆಗದ ಹಾಗೆ ಮೃದುವಾಗೇ ಬರೆದಿದೀನಿ ಅಂದರು. ಮೃದು! ನನ್ನ ಎರಡು ವಾರದ ಅಳತೆ, ಒಂದೊಂದು ಸಂಖ್ಯೆ, ಎಲ್ಲದರ ಮೇಲೂ ಒಂದು ಹೂವಿನ ಹಾರ ಎಸೆದು ಮುಚ್ಚಿದ ಹಾಗೆ. ನಾನು ಆ ಸಾಲಿನ ಮೇಲೆ ಗೆರೆ ಎಳೆದೆ.

"ಗಮನ ಇಟ್ಟೇ ಮಾಡಿದ್ದು ಸರ್. ಅಷ್ಟು ಗಮನ ಇಟ್ಟು ನಾನು ಇನ್ಯಾವ ಕೆಲಸಾನೂ ಮಾಡಿಲ್ಲ. ಆದ್ರೂ ತಪ್ಪಾಯ್ತು."

"ಏನೋ ಒಂದು ಕಾರಣ ಬೇಕಲ್ಲಮ್ಮ."

"ಕಾರಣ ಮದುವೆ ಅಂತ ಬರೆದ್ರೆ, ನಾಳೆ ಮದುವೆ ಆಗದೋರು ಯಾರಾದ್ರೂ ಬಂದು ಇದೇ ಬೀಗ ಹಾಕ್ತಾರೆ. ಯಾರೂ ನೋಡಲ್ಲ."

ಗೆರೆಯ ಕೆಳಗೆ ನಾನು ಬರೆದೆ. 'ಬೀಗ ಆರಿಸುವಾಗ ಸರಾಸರಿ ಎಷ್ಟು ಬೇಗ ಎಂದು ಮಾತ್ರ ಅಳೆಯಲಾಯಿತು. ಅತಿ ಹೆಚ್ಚೆಂದರೆ ಎಷ್ಟು ತಡ ಎಂದು ಅಳೆಯಲಿಲ್ಲ. ಅಳೆದವಳು ನಾನು. ಪರಿಶೀಲಿಸಿ ಒಪ್ಪಿದವರು,' ಅಂತ ಬರೆದು ಮುಂದೆ ಜಾಗ ಬಿಟ್ಟು ಫಾರಂ ಅವರ ಕಡೆ ತಿರುಗಿಸಿದೆ. ಡಿಸೆಂಬರ್ 18ರ ಪರಿಶೀಲನೆಯ ಹಾಳೆಯನ್ನು ಪಕ್ಕದಲ್ಲಿಟ್ಟೆ. ಅದರಲ್ಲಿ ಅವರ ಸಹಿ ದೊಡ್ಡದಾಗಿ, ಕೆಳಗೆ ಎರಡು ಗೆರೆ ಎಳೆದು ಇತ್ತು.

ಅವರು ಆ ಹಾಳೆ ನೋಡಿದರು. ಕೈಗಡಿಯಾರ ನೋಡಿದರು. ನಾನು ಕೂರಲಿಲ್ಲ, ಹೋಗಲೂ ಇಲ್ಲ. ಹೊರಗೆ ಯಾರೋ ನೀರಿನ ಕ್ಯಾನ್ ಉರುಳಿಸಿಕೊಂಡು ಹೋದರು, ಆ ಸದ್ದು ಕಾರಿಡಾರಿನ ಕೊನೆಯ ತನಕ ಹೋಗಿ ನಿಂತಿತು. ಅವರು ಮೇಜಿನ ಮೇಲೆ ಪೆನ್ ಹುಡುಕಿದರು. ನನ್ನ ಕೈಯಲ್ಲಿದ್ದುದನ್ನು ನಾನು ಕೊಡಲಿಲ್ಲ. ಅವರದು ಅವರ ಜೇಬಿನಲ್ಲೇ ಇತ್ತು.